ಆರನೇ ವಾರದ ಬ್ಲಾಗು

ಅಂದು ಬೆಳಿಗ್ಗೆಯೂ ಎಂದಿನಂತೆ ಐದಕ್ಕೆ ಎದ್ದೆ. ನಲ್ಲಿ ಬರುವ ದಿನ. ಮೊದಲು ಬಕೀಟು, ಆಮೇಲೆ ಕೊಡ, ಕಟ್ಟಕಡೆಗೆ ಅತ್ತೆಯವರ ಪೂಜೆಯ ತಂಬಿಗೆ. ತಂಬಿಗೆಯನ್ನು ಮೊದಲು ಹಿಡಿದರೆ ಪೈಪಿನಲ್ಲಿ ರಾತ್ರಿಯೆಲ್ಲ ನಿಂತ ನೀರು ದೇವರಿಗೆ ಹೋಗುತ್ತದೆ ಎಂದು ಅವರ ತಕರಾರು. ನೀರು ತುಂಬಿ, ಎಸರಿಟ್ಟು, ಜೋಳದ ಹಿಟ್ಟು ನಾದಿ, ಬಳೆಗಳನ್ನು ಮೊಣಕೈವರೆಗೆ ಸರಿಸಿಕೊಂಡು ರೊಟ್ಟಿ ಬಡಿದೆ. ಕೊನೆಯದು ಅಂಚಿನಲ್ಲಿ ಒಡೆಯಿತು. ಒಡೆದದ್ದು ನನ್ನ ಪಾಲಿನದು, ಹಾಗೆಂದು ಯಾರೂ ಹೇಳಿಲ್ಲ. ನನ್ನ ಪಾಠದ ವಹಿಯ ಕಂದು ಕಾಗದದ ಹೊದಿಕೆ ಒಂದು ಮೂಲೆಯಲ್ಲಿ ಹರಿದಿತ್ತು. ಅನ್ನದ ಅಗುಳು ಹಚ್ಚಿ ಅಂಟಿಸಿ, ಒಣಗಲೆಂದು ಹಿಟ್ಟಿನ ಡಬ್ಬಿಯ ಮೇಲಿಟ್ಟೆ.

ನಮ್ಮ ಮನೆಯವರು ಗೊಬ್ಬರದ ಅಂಗಡಿಗೆ ಹೊರಟವರು ಬುತ್ತಿ ಕೈಗೆ ಕೊಟ್ಟರೂ ಅಡಿಗೆಮನೆಯ ಬಾಗಿಲು ಬಿಟ್ಟು ಕದಲಲಿಲ್ಲ.

"ಇವತ್ತೇನು, ಸಾಹೇಬ್ರು ಬರೋದು?"

"ಹನ್ನೊಂದಕ್ಕಂತ."

"ಕೇಳಿದಷ್ಟಕ್ಕ ಜವಾಬು ಕೊಡು. ಆ ಬ್ಲಾಗಿನ್ಯಾಗ ಬರದಂಗ ಎಲ್ಲಾ ಬಿಚ್ಚಿ ಹೇಳಾಕ ಹೋಗಬ್ಯಾಡ."

ದೇವರ ಕೋಣೆಯಿಂದ ಅತ್ತೆ, ಹಣೆಗೆ ವಿಭೂತಿ ಎಳೆದುಕೊಳ್ಳುತ್ತಲೇ, "ಹೇಳಾಕ ಇನ್ನೇನು ಉಳದೈತಪ್ಪಾ? ಊರೆಲ್ಲಾ ಓದಿ ಮುಗಿಸೈತಿ" ಎಂದರು.

ಅತ್ತೆ ಕೆಟ್ಟವರಲ್ಲ. ಮೂವತ್ತೆಂಟನೆಯ ವಯಸ್ಸಿನಲ್ಲಿ ಸೊಸೆ ಬಿ.ಎಡ್. ಓದುತ್ತೇನೆಂದಾಗ, "ಓದಲಿ ಬಿಡು, ಮನ್ಯಾಗ ಕುಂತು ಗ್ವಾಡಿ ನೋಡೋದಕ್ಕಿಂತ ಬೇಸಿ" ಎಂದು ಮಗನ ಮುಂದೆ ಮೊದಲು ಹೇಳಿದವರೇ ಅವರು. ಆದರೆ ಅವರು ಹೇಳಿದ್ದು ಸುಳ್ಳೂ ಆಗಿರಲಿಲ್ಲ. ಊರೆಲ್ಲ ಓದಿತ್ತು.

ನಮ್ಮ ಮನೆ ತೆಲಂಗಾಣದ ಗಡಿಯ ಮಕ್ತಲದಲ್ಲಿ. ನನ್ನ ಕಾಲೇಜು ನಾರಾಯಣಪೇಟೆಯಲ್ಲಿ. ಪಾಠ ಮಾಡಿ ಕಲಿಯುವ ಅವಧಿಗೆ ಕಾಲೇಜಿನವರು ನನ್ನನ್ನು ಹಾಕಿದ್ದು ನಮ್ಮೂರ ಅಂಚಿನಲ್ಲಿರುವ ಒಂದು ಸರ್ಕಾರಿ ಶಾಲೆಗೆ. ಅಲ್ಲಿ ತೆಲುಗು ಮೀಡಿಯಂ ಜೊತೆಗೆ ಕನ್ನಡ ಮೀಡಿಯಮ್ಮೂ ಇತ್ತು, ನಮ್ಮ ಬ್ಯಾಚಿನಲ್ಲಿ ಕನ್ನಡ ಓದಲು ಬರೆಯಲು ಬರುವವಳು ನಾನೊಬ್ಬಳೇ. ಉದ್ದನೆಯ ಒಂದೇ ಕೋಣೆ. ಬೆನ್ನಿಗೆ ಬೆನ್ನು ಹಚ್ಚಿ ನಿಲ್ಲಿಸಿದ ಎರಡು ಕಬ್ಬಿಣದ ಅಲ್ಮಾರಿಗಳೇ ನಡುಗೋಡೆ. ಆಚೆ ತೆಲುಗಿನ ಮಕ್ಕಳು, ಈಚೆ ನಮ್ಮ ಹನ್ನೊಂದು. ಮೂರನೆಯ ತರಗತಿಯಿಂದ ಏಳನೆಯದರವರೆಗೆ ಎಲ್ಲ ಸೇರಿ ಹನ್ನೊಂದು. ಒಂದು, ಎರಡರಲ್ಲಿ ಯಾರೂ ಇರಲಿಲ್ಲ. ಎರಡು ವರ್ಷದಿಂದ ಹೊಸ ಮಗು ಬಂದಿರಲಿಲ್ಲ.

ಈ ಹನ್ನೊಂದು ಮಕ್ಕಳಿಗೆ ಒಬ್ಬರೇ ಮಾಸ್ತರರು, ನಿವೃತ್ತಿಯ ಹತ್ತಿರ ಬಂದವರು. ಪ್ರತಿ ವರ್ಷ ಶಾಲೆ ತೆರೆಯುವ ಮುಂಚಿನ ವಾರ ಕೈಚೀಲದಲ್ಲಿ ಪಾಟಿಗಳನ್ನು ತುಂಬಿಕೊಂಡು, ಸೈಕಲ್ ತಳ್ಳುತ್ತ ಮನೆಮನೆಗೆ ಹೋಗಿ, "ನಿಮ್ಮ ಮನ್ಯಾಗಿಂದ ಒಂದು ಕೂಸು ಕನ್ನಡಕ್ಕ ಕೊಡ್ರಿ" ಎಂದು ಕೇಳುತ್ತಿದ್ದರು. ಹೆಣ್ಣು ಕೇಳಲು ಬಂದವರ ಹಾಗೆ ಚಹಾ ಕುಡಿದು, ಊರ ಸುದ್ದಿಯೆಲ್ಲ ಮುಗಿಸಿ, ಕೊನೆಗೆ ಆ ಮಾತು ತೆಗೆಯುತ್ತಿದ್ದರಂತೆ. ಆ ಹನ್ನೊಂದರಲ್ಲಿ ಒಂದೊಂದು ಮಗುವೂ ಹಾಗೆ ಕೇಳಿ ತಂದದ್ದು.

ಅಂದು ಹನ್ನೊಂದಕ್ಕೆ ಶಿಕ್ಷಣ ಇಲಾಖೆಯ ಸಾಹೇಬರು ಬರುತ್ತಿದ್ದುದು, ಈ ಕನ್ನಡದ ತರಗತಿಯನ್ನು ಇಡಬೇಕೋ ತೆಲುಗಿನೊಳಗೆ ಸೇರಿಸಬೇಕೋ ಎಂದು ತೀರ್ಮಾನಿಸಲು. ಅವರು ಬರುವಂತೆ ಮಾಡಿದ್ದು ನನ್ನ ಬ್ಲಾಗು.

ಅದನ್ನು ಮೊದಲಿನಿಂದ ಹೇಳಬೇಕು. ಕಾಲೇಜಿನ ಓದಿನ ಜೊತೆಗೆ ಎಂಟು ವಾರದ ಒಂದು ಆನ್‌ಲೈನ್ ಕೋರ್ಸು ಮಾಡಲೇಬೇಕಿತ್ತು. ವಾರಕ್ಕೊಂದು ಬ್ಲಾಗು ಬರೆಯಬೇಕು. ನಿಮ್ಮ ತರಗತಿಯಲ್ಲಿ ಏನು ನಡೆಯಿತು, ಅದರಿಂದ ನೀವೇನು ಕಲಿತಿರಿ, ಇಷ್ಟೇ. ಬೇರೆ ಇಬ್ಬರು ಬರೆದದ್ದರ ಕೆಳಗೆ ಅಭಿಪ್ರಾಯ ಹಾಕಬೇಕು. ನಾನು ಮಧ್ಯಾಹ್ನ ಎರಡರಿಂದ ನಾಲ್ಕರೊಳಗೆ, ಅತ್ತೆ ಮಲಗಿರುವ ಹೊತ್ತಿಗೆ, ಫೋನನ್ನು ಅಕ್ಕಿ ಡಬ್ಬಿಗೆ ಒರಗಿಸಿ ಬರೆಯುತ್ತಿದ್ದೆ. ಬೆರಳಿಗೆ ಹತ್ತಿದ ಖಾರ ಗಾಜಿನ ಮೇಲೆ ಕೆಂಪಗೆ ಉಳಿಯುತ್ತಿತ್ತು. ಕೋರ್ಸು ಇಂಗ್ಲಿಷಿನಲ್ಲಿತ್ತು, ಬರೆದದ್ದೂ ಇಂಗ್ಲಿಷಿನಲ್ಲೇ. ರಾಯಚೂರಿನ ಕಾನ್ವೆಂಟಿನಲ್ಲಿ ಓದಿದವಳು ನಾನು. ಅಲ್ಲಿ ಸಾಯಂಕಾಲದ ಪ್ರಾರ್ಥನೆ ಮುಗಿದ ಮೇಲೆ ಸಣ್ಣ ವಹಿಯಲ್ಲಿ ಆ ದಿನದ್ದನ್ನು ಬರೆದು ಸಿಸ್ಟರ್ ಕೈಗೆ ಕೊಡಬೇಕಿತ್ತು. ಬೇರೆಯವರ ಪೆನ್ಸಿಲ್ ತೆಗೆದುಕೊಂಡಿದ್ದರೆ ತೆಗೆದುಕೊಂಡೆ ಎಂದೇ ಬರೆಯಬೇಕು. ಬರೆದವರಿಗೆ ಸಿಸ್ಟರ್ ಬೈಯುತ್ತಿರಲಿಲ್ಲ, ಬಿಟ್ಟವರಿಗೆ ಬೈಯುತ್ತಿದ್ದರು. ಕಂಡದ್ದನ್ನು ಕಂಡಂತೆ ಬರೆದರೆ ಒಳ್ಳೆಯದೇ ಆಗುತ್ತದೆ ಎಂಬ ನಂಬಿಕೆ ನನ್ನಲ್ಲಿ ಆಗ ಕೂತದ್ದು, ಮದುವೆಯಾಗಿ, ಇಬ್ಬರು ಮಕ್ಕಳಾಗಿ, ಅವರು ಹಾಸ್ಟೆಲ್ಲಿಗೆ ಹೋದ ಮೇಲೂ ಕೂತೇ ಇತ್ತು.

ಮೊದಲ ಐದು ವಾರ ನನ್ನ ಬ್ಲಾಗನ್ನು ಓದಿದವರು ಮೂರೋ ನಾಲ್ಕೋ ಜನ. "ಸೂಪರ್ ಮೇಡಂ" ಎಂದು ಹಾಕುತ್ತಿದ್ದರು, ನಾನೂ ಅವರಿಗೆ ಹಾಗೇ ಹಾಕುತ್ತಿದ್ದೆ. ಆರನೇ ವಾರ ನಾನು ಮಾಸ್ತರರ ಬಗ್ಗೆ ಬರೆದೆ.

ನಮ್ಮ ಕಡೆಯ ಮಕ್ಕಳಿಗೆ ಮನೆಯಲ್ಲಿ ಕನ್ನಡ, ಓಣಿಯಲ್ಲಿ ತೆಲುಗು. ಆಟ, ಜಗಳ, ಟೀವಿ, ಅಂಗಡಿ ಎಲ್ಲ ತೆಲುಗಿನಲ್ಲೇ. ಪುಸ್ತಕದ ಕನ್ನಡ ಅವರಿಗೆ ಮನೆಯ ಕನ್ನಡಕ್ಕಿಂತ ದೂರ. ಮಾಸ್ತರರು ಅದಕ್ಕೊಂದು ಆಟ ಮಾಡಿಕೊಂಡಿದ್ದರು. ನೆಲದ ಮೇಲೆ ಸುಣ್ಣದ ಕಡ್ಡಿಯಿಂದ ಅಡ್ಡಡ್ಡ ಒಂದು ಗೆರೆ. ಅದು ಹಳ್ಳ. ಪಾಠವನ್ನು ಮೊದಲು ಅವರು ತೆಲುಗಿನಲ್ಲಿ ಕಥೆ ಮಾಡಿ ಹೇಳುತ್ತಾರೆ. ಒಂದು ಮಗು ಗೆರೆಯ ಆಚೆ ನಿಂತು ಅದನ್ನೇ ತೆಲುಗಿನಲ್ಲಿ ಒಪ್ಪಿಸುತ್ತದೆ. ಆಮೇಲೆ ಗೆರೆ ಜಿಗಿದು ಈಚೆ ಬಂದು ಅದೇ ಮಾತನ್ನು ಕನ್ನಡದಲ್ಲಿ ಹೇಳಬೇಕು. ನಡುವೆ ಸಿಕ್ಕಿಕೊಂಡರೆ ಉಳಿದವರು, "ಕಾಲು ತೊಯ್ತು, ಕಾಲು ತೊಯ್ತು" ಎಂದು ಕೂಗುತ್ತಾರೆ. ಸಿಕ್ಕಿಕೊಂಡ ಮಗು ನಗುತ್ತ ಲಂಗ ಎತ್ತಿ ಹಿಡಿದು ಮತ್ತೆ ಆಚೆ ಹೋಗುತ್ತದೆ. ತಿಂಗಳೊಳಗೆ ಯಾರ ಕಾಲೂ ತೊಯ್ಯುತ್ತಿರಲಿಲ್ಲ. ಪುಸ್ತಕ ಕೈಗೆ ಕೊಟ್ಟರೆ ನೀರು ಕುಡಿದಂತೆ ಓದುತ್ತಿದ್ದವು.

ಇದು ಮೂವತ್ತು ವರ್ಷದಿಂದ ನಡೆದ ಆಟ. ಆದರೆ ಮಾಸ್ತರರು ತಮ್ಮ ಪಾಠದ ವಹಿಯಲ್ಲಿ ಇದನ್ನು ಎಂದೂ ಬರೆದವರಲ್ಲ. ಅಲ್ಲಿ ದಿನವೂ ದುಂಡಗಿನ ಅಕ್ಷರದಲ್ಲಿ ಒಂದೇ ಸಾಲು: ಪಾಠವನ್ನು ಕನ್ನಡದಲ್ಲಿ ವಿವರಿಸಲಾಯಿತು. ಯಾಕೆ ಬರೆಯುವುದಿಲ್ಲ ಎಂದು ನಾನು ಕೇಳಲಿಲ್ಲ. ಕೇಳಬೇಕೆಂದು ಹೊಳೆಯಲೂ ಇಲ್ಲ. ಇಂಥ ಒಳ್ಳೆಯ ಮಾಸ್ತರರನ್ನು ಯಾರೂ ನೋಡಲಿಲ್ಲವಲ್ಲ ಎಂದು ನನಗೇ ಸಂಕಟವಾಗಿ, ನಾನು ಬರೆದೆ. ಈ ಮಕ್ಕಳಿಗೆ ತೆಲುಗು ಉಸಿರಾಡಿದಷ್ಟು ಸುಲಭ ಎಂದು ಬರೆದೆ. ಮಾಸ್ತರರು ಅರ್ಧ ಪಾಠವನ್ನು ತೆಲುಗಿನಲ್ಲೇ ಮಾಡುತ್ತಾರೆ, ಅದೇ ಅವರ ಜಾಣತನ ಎಂದು ಬರೆದೆ. ಶಾಲೆಯ ಹೆಸರು ಹಾಕಲಿಲ್ಲ. ಆದರೆ ಅಲ್ಮಾರಿಯ ಗೋಡೆಯನ್ನೂ ಹನ್ನೊಂದು ಎಂಬುದನ್ನೂ ಬರೆದೆ. ಅಂಥ ಕೋಣೆ ಈ ಸೀಮೆಯಲ್ಲಿ ಇನ್ನೊಂದಿರಲಿಲ್ಲ.

ಆ ಬ್ಲಾಗಿಗೆ ಬಹುಮಾನ ಬಂತು. ಕೋರ್ಸಿನವರು ಗದ್ವಾಲದಲ್ಲಿ ಒಂದು ದಿನದ ಸಭೆ ಇಟ್ಟಿದ್ದರು. ಅಮ್ಮನ ಹಳೆಯ ಗದ್ವಾಲ ಸೀರೆ ತೆಗೆದೆ. "ಗದ್ವಾಲಕ್ಕ ಗದ್ವಾಲ ಸೀರಿ ಉಟ್ಟು ಹೊಂಟಾಳ ನೋಡು, ಅದಕ್ಕೂ ತೌರಮನಿ ನೆನಪಾಗಿರಬೇಕು" ಎಂದು ಅತ್ತೆ ನಕ್ಕರು. ಬಸ್ಸು ಜೂರಾಲ ಅಣೆಕಟ್ಟಿನ ಮೇಲೆ ಹೋಗುವಾಗ ಎರಡು ಗೇಟು ತೆರೆದಿದ್ದವು, ಕಿಟಕಿಯಿಂದ ತುಂತುರು ಬಂದು ಕೆನ್ನೆಗೆ ಬಡಿಯಿತು. ಅಷ್ಟು ಸಂತೋಷ ನನಗೆ ಬಹಳ ವರ್ಷದಿಂದ ಆಗಿರಲಿಲ್ಲ. ಸಭೆಯಲ್ಲಿ ನನ್ನ ಬ್ಲಾಗನ್ನು ದೊಡ್ಡ ಪರದೆಯ ಮೇಲೆ ಹಾಕಿದರು. ಸರ್ಟಿಫಿಕೇಟು ಕೊಟ್ಟರು. ಹಿಂದೆ ಕೂತವರು ಫೋನೆತ್ತಿ ಪರದೆಯ ಫೋಟೋ ತೆಗೆದುಕೊಂಡರು, ನಾನು ಸೆರಗು ಸರಿಮಾಡಿಕೊಂಡೆ.

ಆ ಫೋಟೋ ಶಿಕ್ಷಕರ ವಾಟ್ಸಾಪ್ ಗುಂಪುಗಳಲ್ಲಿ ಓಡಾಡಿತು. ಯಾರೋ ಅದನ್ನು ತೆಲುಗಿಗೆ ಮಾಡಿ ಹಾಕಿದರು. ಮೂರು ದಿನದೊಳಗೆ ಶಿಕ್ಷಣ ಇಲಾಖೆಯಿಂದ ನಮ್ಮ ಶಾಲೆಗೆ ಫೋನು ಬಂತು. ಆ ಮಕ್ಕಳಿಗೆ ತೆಲುಗು ಅಷ್ಟು ಸುಲಭವಾದರೆ ಬೇರೆ ತರಗತಿ ಯಾಕೆ ಎಂದು.

ಬ್ಲಾಗನ್ನು ತೆಗೆದುಹಾಕಲು ನೋಡಿದೆ. ಅಂಕ ಬಿದ್ದ ಮೇಲೆ ಅದಕ್ಕೆ ಬೀಗ ಬೀಳುತ್ತದಂತೆ, ಒಂದು ಅಕ್ಷರ ತಿದ್ದಲೂ ಆಗುವುದಿಲ್ಲ. ಕೋರ್ಸಿನವರಿಗೆ ಪತ್ರ ಬರೆದೆ. ನಿಮ್ಮ ಅನುಭವ ಹಂಚಿಕೊಂಡದ್ದಕ್ಕೆ ಧನ್ಯವಾದ ಎಂದು ಮರುಕ್ಷಣವೇ ಉತ್ತರ ಬಂತು. ಮನುಷ್ಯರು ಅಷ್ಟು ಬೇಗ ಉತ್ತರ ಕೊಡುವುದಿಲ್ಲ. ಏಳನೇ ವಾರದ ಬ್ಲಾಗಿನಲ್ಲಿ, ನಾನು ಹೇಳಿದ್ದು ಹಾಗಲ್ಲ, ಈಚೆಯ ದಡ ಇದ್ದರೆ ತಾನೇ ದಾಟುವ ಮಾತು, ಕನ್ನಡದ ತರಗತಿ ಇಲ್ಲದಿದ್ದರೆ ಆ ಮಕ್ಕಳು ದಾಟಿ ಬರುವುದು ಎಲ್ಲಿಗೆ ಎಂದು ಬರೆದೆ. ಕೆಳಗೆ ಇಬ್ಬರು ಬರೆದರು. ಸೂಪರ್ ಮೇಡಂ. ಸೂಪರ್ ಮೇಡಂ.

ಮಾಸ್ತರರಿಗೆ ನಾನೇ ಹೇಳಬೇಕಿತ್ತು. ಅವರ ಫೋನು ಮಾತಾಡಲಿಕ್ಕಷ್ಟೇ. ಮಧ್ಯಾಹ್ನದ ಊಟವಾದ ಮೇಲೆ ವರಾಂಡದಲ್ಲಿ ಕೂತು ನನ್ನ ಇಂಗ್ಲಿಷನ್ನು ಒಂದೊಂದೇ ಸಾಲು ಕನ್ನಡ ಮಾಡಿ ಓದಿದೆ. ಅವರು ತಟ್ಟೆ ತೊಳೆದು ಬಂದ ಕೈಯನ್ನು ಪಂಚೆಗೆ ಒರೆಸುತ್ತ ಪೂರ್ತಿ ಕೇಳಿದರು.

"ಚಲೋ ಬರದೀರಿ ತಾಯಿ. ನನಗ ಇಷ್ಟು ಬರ್ತದಂತ ನನಗ ಗೊತ್ತಿರಲಿಲ್ಲ."

"ನನ್ನಿಂದ ತಪ್ಪಾತ್ರೀ ಸರ್."

"ಖರೇನ ಬರದೀರಲ್ಲ. ತಪ್ಪೆಲ್ಲೈತಿ?" ತಟ್ಟೆಯನ್ನು ಚೀಲದೊಳಗೆ ಇಡುತ್ತ, "ನಾ ಆ ವಹ್ಯಾಗ ಯಾಕ ಬರೀತಿರಲಿಲ್ಲ ಅನ್ನೋದು ನಿಮಗ ಹೇಳಿರಬೇಕಿತ್ತು. ನನಗೂ ಹೊಳೀಲಿಲ್ಲ" ಎಂದರು.

ಬೈದಿದ್ದರೆ ಅಳಬಹುದಿತ್ತು.

ಫೋನು ಬಂದ ಮೇಲೆ ಮಾಸ್ತರರು ಒಂದು ಕಾಗದ ಬರೆದರು. ನಮ್ಮ ಮಕ್ಕಳಿಗೆ ಕನ್ನಡವೇ ಬೇಕು ಎಂದು ಮನೆಯವರ ಸಹಿ, ಹೆಬ್ಬೆಟ್ಟು. ನಾವಿಬ್ಬರೂ ಒಂದು ವಾರ ಸಂಜೆ ಮನೆಮನೆ ತಿರುಗಿದೆವು. ಅವರು ಸೈಕಲ್ ತಳ್ಳುತ್ತ ಮುಂದೆ, ನಾನು ಇಂಕಿನ ಪ್ಯಾಡು ಹಿಡಿದು ಹಿಂದೆ. ನಮ್ಮ ಪಕ್ಕದ ಮನೆಯ ಮುದುಕಿ ಎಲ್ಲರಿಗಿಂತ ಮೊದಲು ಹೆಬ್ಬೆಟ್ಟು ಒತ್ತಿದಳು. ಕುರಿ ಸಾಕುವ ಮನೆಯವರು, ಬೀರಪ್ಪನ ಒಕ್ಕಲು. ಅವಳ ಮೊಮ್ಮಗಳು ಆರನೆಯ ತರಗತಿಯಲ್ಲಿ ನನ್ನ ಕೈಯಲ್ಲೇ ಓದುತ್ತಿದ್ದಳು. ಮುದುಕಿಯ ಗಂಡ ಬೀರಪ್ಪನ ಪದ ಹಾಡುತ್ತಿದ್ದವನು. ಸಾಯುವ ಮುಂಚೆ ತನಗೆ ಬರುತ್ತಿದ್ದ ಪದಗಳನ್ನೆಲ್ಲ ಯಾರಿಂದಲೋ ಒಂದು ವಹಿಯಲ್ಲಿ ಬರೆಸಿಟ್ಟಿದ್ದ. ಆ ಮನೆಯಲ್ಲಿ ಅದನ್ನು ಓದಬಲ್ಲವಳು ಆ ಹುಡುಗಿ ಒಬ್ಬಳೇ. ಸೋಮವಾರ ಸಂಜೆ ದೀಪ ಹಚ್ಚಿ ಅಜ್ಜಿಗೆ ಒಂದು ಪುಟ ಓದುತ್ತಿದ್ದಳು. ಗೋಡೆಯಾಚೆಯಿಂದ ನಮಗೂ ಕೇಳಿಸುತ್ತಿತ್ತು.

"ಇಕಿಗೆ ಕನ್ನಡ ಬಿಡಿಸಿದ್ರ ನಮ್ಮ ಮುದುಕನ ಬಾಯಿ ಕಟ್ಟಿದಂಗ ಆಗ್ತೈತ್ರಿ ಮಾಸ್ತರ" ಎಂದು ಇಂಕು ಹತ್ತಿದ ಹೆಬ್ಬೆರಳನ್ನು ಗೋಡೆಗೆ ಒರೆಸಿದಳು. "ಎಲ್ಲಿ ಬೇಕಲ್ಲಿ ಬಂದು ಹೇಳ್ತೀನಿ. ಯಾವ ಸಾಹೇಬ ಬಂದ್ರೂ ಹೇಳ್ತೀನಿ."

ಹನ್ನೊಂದು ಮನೆಯಲ್ಲಿ ಹನ್ನೊಂದೂ ಆಯಿತು. ಹಾಗಾಗಿ ಆ ಬೆಳಿಗ್ಗೆ ಹೊದಿಕೆ ಅಂಟಿಸಿದ ವಹಿಯನ್ನು ಹಿಡಿದು ಶಾಲೆಗೆ ನಡೆದಾಗ ನನಗೆ ಆಸೆ ಇರಲಿಲ್ಲ ಎಂದು ಹೇಳಲಾರೆ.

ಸಾಹೇಬರು ಹೇಳಿದ ಹೊತ್ತಿಗೇ ಬಂದರು. ಚಿಕ್ಕ ವಯಸ್ಸು, ಹೈದರಾಬಾದಿನ ಕಡೆಯವರು. ಕೋಣೆಯ ಬಾಗಿಲಲ್ಲಿ ಬೂಟು ಬಿಚ್ಚಿಟ್ಟರು. ಹಾಗೆ ಬಿಚ್ಚಿದ ಅಧಿಕಾರಿಯನ್ನು ನಾನು ಅದಕ್ಕೂ ಮೊದಲು ನೋಡಿರಲಿಲ್ಲ. ಅವರಿಗೆ ಕನ್ನಡ ಬರುತ್ತಿರಲಿಲ್ಲ, ಅದನ್ನು ಅವರೇ ನಾಚಿಕೆಯಿಂದ ಹೇಳಿಕೊಂಡರು. ತಂದೆ ತಾಯಿಗಳು ಚಾಪೆಯ ಮೇಲೆ ಕೂತಿದ್ದರು. ಕುರ್ಚಿ ಎಳೆದಾಡಿದ್ದರಿಂದ ನೆಲದ ಗೆರೆ ಮಸುಕಾಗಿತ್ತು.

"ಮೀರು ಚೆಪ್ಪಂಡಿ" ಎಂದರು ಸಾಹೇಬರು, ನೀವು ಹೇಳಿ ಎಂದು.

ನಮ್ಮ ಸೀಮೆಯಲ್ಲಿ ಒಂದು ರೂಢಿ. ಎದುರಿಗೆ ಕೂತವರಿಗೆ ತಿಳಿಯದ ಭಾಷೆಯಲ್ಲಿ ಮಾತಾಡುವುದೆಂದರೆ, ಬಂದವರಿಗೆ ಬಡಿಸದೆ ಅವರ ಮುಂದೆ ಉಂಡ ಹಾಗೆ. ಯಾರೂ ಇದನ್ನು ಕಲಿಸುವುದಿಲ್ಲ. ಅಂಗಡಿಯಲ್ಲಿ ಗಿರಾಕಿ ಬಾಯಿ ತೆರೆದರೆ ಸಾಕು, ನಮ್ಮ ನಾಲಗೆ ತಾನೇ ತಿರುಗುತ್ತದೆ. ಸಾಬರ ಮುಂದೆ ಹಿಂದಿ, ತೆಲುಗರ ಮುಂದೆ ತೆಲುಗು. ದೊಡ್ಡವರ ಮುಂದಂತೂ ಇನ್ನೂ ಬೇಗ.

ನಮ್ಮ ಪಕ್ಕದ ಮನೆಯ ಮುದುಕಿ ಮೊದಲು ಎದ್ದು ನಿಂತಳು. ಸೆರಗನ್ನು ತಲೆಯ ಮೇಲೆ ಎಳೆದುಕೊಂಡು, ಕೈಮುಗಿದು, ಗಟ್ಟಿ ದನಿಯಲ್ಲಿ, "ಮಾಕು ಕನ್ನಡಮೇ ಕಾವಾಲೆ ಸಾರ್" ಎಂದಳು. ನಮಗೆ ಕನ್ನಡವೇ ಬೇಕು. ಆಮೇಲೆ ಗಂಡನ ಕಥೆ, ವಹಿಯ ಕಥೆ, ಬೀರಪ್ಪನ ಕಥೆ, ಎಲ್ಲವನ್ನೂ ತಡವರಿಸದೆ ತೆಲುಗಿನಲ್ಲಿ ಹೇಳಿದಳು. ಸಾಹೇಬರು ಮುಂದಕ್ಕೆ ಬಾಗಿ ಕೇಳಿದರು, ಒಂದೆರಡು ಕಡೆ ನಕ್ಕರು. ಅವಳ ಹಿಂದೆ ಉಳಿದವರು ಎದ್ದರು. ಒಬ್ಬೊಬ್ಬರೂ ಕನ್ನಡ ಬೇಕೆಂದರು, ಒಬ್ಬೊಬ್ಬರೂ ತೆಲುಗಿನಲ್ಲಿ ಅಂದರು. ನನಗೆ ಆಗ ಏನೂ ಅನ್ನಿಸಲಿಲ್ಲ. ಎಷ್ಟು ಚೆನ್ನಾಗಿ ಹೇಳುತ್ತಿದ್ದಾರೆ ಎಂದೇ ಅನ್ನಿಸಿತು.

ಮಾಸ್ತರರು ಸಹಿಯ ಕಾಗದ ಕೊಟ್ಟರು. ಅದು ಕನ್ನಡದಲ್ಲಿತ್ತು. ಸಾಹೇಬರು ಅದನ್ನು ಹಿಂದೆ ಮುಂದೆ ತಿರುಗಿಸಿ, ಇದರಲ್ಲಿ ಏನಿದೆ ಎಂದು ಕೇಳಿದರು. ಮಾಸ್ತರರು ತೆಲುಗಿನಲ್ಲಿ ಓದಿ ಹೇಳಿದರು.

ಆಮೇಲೆ ಸಾಹೇಬರು, ಒಂದು ಮಗು ಓದಲಿ, ಕೇಳೋಣ ಎಂದರು. ಮಾಸ್ತರರು ಮುದುಕಿಯ ಮೊಮ್ಮಗಳನ್ನು ಕರೆದರು. ಎರಡು ಜಡೆ, ಕೆಂಪು ರಿಬ್ಬನ್ನು, ಒಂದು ರಿಬ್ಬನ್ನಿನ ಗಂಟು ಸಡಿಲಾಗಿತ್ತು. ಹೊಳೆಯ ಪಾಠ ತೆಗೆದು ಓದಿದಳು. ಎಲ್ಲಿಯೂ ನಿಲ್ಲಲಿಲ್ಲ. ಒತ್ತಕ್ಷರಗಳು ಒಂದೊಂದೂ ತೊಳೆದಿಟ್ಟ ಹಾಗೆ. ಮಾಸ್ತರರು ಕಣ್ಣುಮುಚ್ಚಿ ಕೇಳುತ್ತಿದ್ದರು. ಸಾಹೇಬರು ಚಪ್ಪಾಳೆ ತಟ್ಟಿ, ನನಗೇನೂ ಗೊತ್ತಾಗಲಿಲ್ಲಮ್ಮಾ, ಏನು ಓದಿದೆ ಹೇಳು ಎಂದು ತೆಲುಗಿನಲ್ಲಿ ಕೇಳಿದರು.

ಹುಡುಗಿ ಮಾಸ್ತರರ ಮುಖ ನೋಡಿದಳು. ಅವರು ಇನ್ನೂ ಕಣ್ಣು ತೆರೆದಿರಲಿಲ್ಲ. ಅವಳು ಲಂಗವನ್ನು ಚೂರು ಎತ್ತಿ ಹಿಡಿದು ಮಸುಕಾದ ಗೆರೆಯನ್ನು ಜಿಗಿದು ಆಚೆ ನಿಂತಳು, ಇಡೀ ಪಾಠವನ್ನು ತೆಲುಗಿನಲ್ಲಿ ಹೇಳಿದಳು. ಹೊಳೆ, ಗೇಟು, ಕಾಲುವೆ, ಗದ್ದೆ. ಪುಸ್ತಕದಲ್ಲಿ ಇಲ್ಲದ ಜೂರಾಲವನ್ನೂ ಸೇರಿಸಿದಳು. ಅದಕ್ಕಿಂತ ಚೆನ್ನಾಗಿ ಯಾರೂ ಹೇಳಲಾರರು. ಅಲ್ಮಾರಿಯ ಆಚೆಯ ಮಕ್ಕಳೂ ಸದ್ದು ನಿಲ್ಲಿಸಿ ಕೇಳಿದವು. ಚಾಪೆಯ ಮೇಲೆ ಅಜ್ಜಿ ಅಕ್ಕಪಕ್ಕದವರನ್ನು ಮೊಣಕೈಯಿಂದ ತಿವಿದಳು.

ಸಾಹೇಬರು ಫೋನು ತೆಗೆದರು. ನನ್ನ ಬ್ಲಾಗು. ತೆಲುಗಿನಲ್ಲಿದ್ದ ಅದರ ಎರಡು ಸಾಲನ್ನು ಓದಿ, ಇದನ್ನು ಬರೆದವರು ಯಾರು ಎಂದು ಕೇಳಿದರು.

ನಾನು ಎದ್ದು ನಿಂತೆ. "ಅವುನು ಸಾರ್, ನೇನೇ ರಾಸಿನ" ಎಂದೆ. ಹೌದು, ನಾನೇ ಬರೆದೆ.

"ಇದಿ ನಿಜಮೇನಾ ಅಮ್ಮಾ?"

ನಿಜ ಎಂದೆ. ಅದರ ಮುಂದೆ ಆದರೆ ಎಂದು ಶುರುಮಾಡಿದೆ. ಈಚೆಯ ದಡದ ಮಾತು, ಮುದುಕನ ವಹಿಯ ಮಾತು, ಎಲ್ಲವೂ ಬಾಯಲ್ಲಿತ್ತು. ಒಂದೆರಡನ್ನು ಹೇಳಿದೆ ಕೂಡ. ಅವರು ಮರ್ಯಾದೆಯಿಂದ ಕೇಳಿದರು. ಆದರೆ ನಿಜ ಎಂದು ಹೇಳಿಯಾಗಿತ್ತು, ಅವರಿಗೆ ಅಷ್ಟೇ ಬೇಕಿತ್ತು. ಮಾಸ್ತರರಿಗೆ ಕೈಮುಗಿದು, ಇಂಥ ಮಕ್ಕಳನ್ನು ತಯಾರು ಮಾಡಿದ್ದೀರಿ, ಇವರು ಎಲ್ಲಿ ಕೂತರೂ ಓದುತ್ತಾರೆ ಎಂದರು. ಸೋಮವಾರದಿಂದ ಎಲ್ಲರೂ ಒಟ್ಟಿಗೆ ಕೂರಲಿ, ಕಾಗದ ಆಮೇಲೆ ಬರುತ್ತದೆ, ನಿಮ್ಮನ್ನು ಎಲ್ಲಿ ಬೇಕೋ ಅಲ್ಲಿಗೆ ಹಾಕುತ್ತೇವೆ ಎಂದರು.

"ಸರೇ ಸಾರ್" ಎಂದರು ಮಾಸ್ತರರು.

ಸಾಹೇಬರು ಹೋದ ಮೇಲೆ ಮಕ್ಕಳು ಸೋಮವಾರದವರೆಗೆ ಕಾಯಲಿಲ್ಲ. ತಮ್ಮ ತಮ್ಮ ಚೀಲ, ಪಟ್ಟಿ ಎತ್ತಿಕೊಂಡು ಅಲ್ಮಾರಿಯನ್ನು ಸುತ್ತುಹಾಕಿ ಆಚೆ ಹೋಗಿ ಗೆಳೆಯರ ಪಕ್ಕ ಜಾಗ ಹಿಡಿದವು. ಅವಕ್ಕೆ ಹಬ್ಬದಂತಿತ್ತು. ಈಚೆ ನಾನು ಮತ್ತು ಮಾಸ್ತರರು ಉಳಿದೆವು.

"ಕೊಡ್ರಿ ಇಲ್ಲೆ ನಿಮ್ಮ ವಹಿ" ಎಂದು ಕೈಚಾಚಿದರು.

ನಾನು ಇನ್ನೂ ಒಂಬತ್ತು ಪಾಠ ಮಾಡಬೇಕಿತ್ತು. ಒಂದೊಂದು ಪಾಠಕ್ಕೂ ಅವರ ಸಹಿ ಇಲ್ಲದೆ ಕಾಲೇಜಿನಲ್ಲಿ ಪಾಸು ಮಾಡುವುದಿಲ್ಲ. ಅವರು ನೆಲದ ಮೇಲೆ ಕೂತು, ತೊಡೆಯ ಮೇಲೆ ವಹಿ ಇಟ್ಟುಕೊಂಡು, ಮಾಡದ ಒಂಬತ್ತು ಪಾಠಕ್ಕೂ ದುಂಡಗಿನ ಅಕ್ಷರದಲ್ಲಿ ಬರೆದರು. ಪಾಠವನ್ನು ಕನ್ನಡದಲ್ಲಿ ವಿವರಿಸಿದ್ದಾರೆ. ಸಹಿ. ಪಾಠವನ್ನು ಕನ್ನಡದಲ್ಲಿ ವಿವರಿಸಿದ್ದಾರೆ. ಸಹಿ.

"ಸರ್, ಇದು ಮಾಡಿಲ್ಲಲ್ರೀ ನಾನು."

"ಇರ್ಲಿ ತಾಯಿ. ನಿಮ್ಮ ವರ್ಷ ಯಾಕ ಕೆಡಬೇಕು?"

ಬೇಡ ಎನ್ನಲಿಲ್ಲ ನಾನು. ಒಂಬತ್ತನೆಯ ಸಹಿಯ ಇಂಕು ಒಣಗಲೆಂದು ಅವರು ಪುಟದ ಮೇಲೆ ಊದಿದ್ದನ್ನು ನೋಡುತ್ತ ನಿಂತೆ. ಕಾನ್ವೆಂಟಿನ ಆ ಸಣ್ಣ ವಹಿಯಲ್ಲಿ ನಾನು ಒಂದು ದಿನವೂ ಸುಳ್ಳು ಬರೆದವಳಲ್ಲ. ನಿಜ ಬರೆದು ಅವರ ತರಗತಿಯನ್ನು ತೆಗೆಸಿದೆ, ಸುಳ್ಳು ಬರೆಸಿಕೊಂಡು ನನ್ನ ವರ್ಷ ಉಳಿಸಿಕೊಂಡೆ. ವಹಿಯನ್ನು ಚೀಲಕ್ಕೆ ಹಾಕಿಕೊಂಡು ಅವರಿಗೆ ನಮಸ್ಕಾರ ಮಾಡಿದೆ. ಅವರು ಅಲ್ಮಾರಿ ತೆರೆದು ಕನ್ನಡದ ಪುಸ್ತಕಗಳನ್ನು ತರಗತಿವಾರು ಜೋಡಿಸಿ ಕಟ್ಟತೊಡಗಿದ್ದರು.

ಬಿಸಿಲಿತ್ತು. ಮನೆಗೆ ನಡೆಯುತ್ತ, ಹತ್ತಿಯ ಗೋದಾಮಿನ ತಿರುವಿನಲ್ಲಿ, ನನಗೆ ಹೊಳೆಯಿತು. ಪುಸ್ತಕದಿಂದ ಆ ಹುಡುಗಿ ಓದಿದ್ದೊಂದನ್ನು ಬಿಟ್ಟರೆ, ಕನ್ನಡ ಬೇಕೆಂದು ಕೇಳಿದ ಆ ಸಭೆಯಲ್ಲಿ ಯಾರೂ ಕನ್ನಡದ ಒಂದು ಮಾತೂ ಆಡಿರಲಿಲ್ಲ. ಮುದುಕಿ ಆಡಲಿಲ್ಲ. ಮಾಸ್ತರರು ಆಡಲಿಲ್ಲ. ನಾನೂ ಆಡಲಿಲ್ಲ. ಆಡಿದ್ದರೆ ಏನಾಗುತ್ತಿತ್ತೋ ಗೊತ್ತಿಲ್ಲ, ಬಹುಶಃ ಏನೂ ಆಗುತ್ತಿರಲಿಲ್ಲ. ಆದರೆ ಆಡಬೇಕೆಂದು ನಮಗೆ ಒಬ್ಬರಿಗೂ ಹೊಳೆಯಲೇ ಇಲ್ಲವಲ್ಲ ಎಂಬುದು ನನ್ನನ್ನು ಅಲ್ಲೇ, ಗೋದಾಮಿನ ನೆರಳಿನಲ್ಲಿ, ಸ್ವಲ್ಪ ಹೊತ್ತು ನಿಲ್ಲಿಸಿತು.

ಅತ್ತೆ ಬಾಗಿಲು ತೆಗೆದು ಮುಖ ನೋಡಿದವರೇ ಅಡಿಗೆಮನೆಗೆ ನಡೆದರು. ಬೆಳಗಿನ ಒಡೆದ ರೊಟ್ಟಿಯನ್ನು ತಾವೇ ಬೆಚ್ಚಗೆ ಮಾಡಿ ಹಾಲು ಹಾಕಿ ಕೊಟ್ಟರು. ಎರಡಕ್ಕೆ ಫೋನನ್ನು ಅಕ್ಕಿ ಡಬ್ಬಿಗೆ ಒರಗಿಸಿದೆ. ಎಂಟನೆಯ ಹಾಗೂ ಕೊನೆಯ ಬ್ಲಾಗಿಗೆ ಕೋರ್ಸಿನವರು ಕೊಟ್ಟ ಪ್ರಶ್ನೆ, ಬರವಣಿಗೆಯಿಂದ ನಿಮ್ಮ ತರಗತಿಯಲ್ಲಿ ಆದ ಒಂದು ಬದಲಾವಣೆಯನ್ನು ತಿಳಿಸಿ. ಮುನ್ನೂರು ಪದ ಮೀರಬಾರದು. ನಾಲ್ಕು ಗಂಟೆಯವರೆಗೆ ಆ ಖಾಲಿ ಜಾಗದಲ್ಲಿ ಗೆರೆಯೊಂದು ಮಿಣುಕುತ್ತಿತ್ತು. ಫೋನನ್ನು ಬೋರಲು ಹಾಕಿ ಎದ್ದೆ. ಆ ಬ್ಲಾಗನ್ನು ನಾನು ಬರೆಯಲಿಲ್ಲ. ಏಳು ಬ್ಲಾಗಿಗೇ ಪಾಸು ಮಾಡಿದರು.

ಸಂಜೆ ಒಣಗಿದ ಬಟ್ಟೆ ತೆಗೆಯಲು ಮಾಳಿಗೆ ಹತ್ತಿದೆ. ಪಕ್ಕದ ಮಾಳಿಗೆಯಲ್ಲಿ ಮುದುಕಿ ಒಣಹಾಕಿದ್ದ ಮೆಣಸಿನಕಾಯಿ ಬಾಚಿ ಮೊರಕ್ಕೆ ತುಂಬುತ್ತಿದ್ದಳು. ಹೆಬ್ಬೆರಳಲ್ಲಿ ಇಂಕಿನ ಕಲೆ ಇನ್ನೂ ಇತ್ತು. ಕೆಳಗೆ ಅಂಗಳದಲ್ಲಿ ಮೊಮ್ಮಗಳು ಓಣಿಯ ಹುಡುಗಿಯರ ಜೊತೆ ಕುಂಟಾಟ ಆಡುತ್ತಿದ್ದಳು, ಎಣಿಕೆ ತೆಲುಗಿನಲ್ಲಿ ಕೇಳುತ್ತಿತ್ತು. ಏನಾದರೂ ಹೇಳಬೇಕೆಂದು ಗೋಡೆಯ ಹತ್ತಿರ ಹೋದೆ.

"ಅವ್ವಾ, ನನ್ನಿಂದ..." ಎಂದೆ.

"ಏ, ಬಿಡ್ರಿ ಅಮ್ಮಾರ, ನೀವೇನು ಮಾಡೀರಿ. ಆಗೋದಿತ್ತು, ಆತು." ಅವಳು ಮೊರವನ್ನು ಒಂದು ಸಲ ಕೊಡವಿ, ಘಾಟಿಗೆ ಕೆಮ್ಮಿ, ಸೆರಗಿನಿಂದ ಮೂಗು ಒರೆಸಿಕೊಂಡಳು. ಆಮೇಲೆ ಏನೋ ನೆನಪಾದವಳಂತೆ, ಮೊರವನ್ನು ಸೊಂಟಕ್ಕೆ ಏರಿಸಿಕೊಳ್ಳುತ್ತ ಅಂದಳು:

"ಆದರೂ ಸಾಹೇಬ್ರು ಭಾಳ ಒಳ್ಳೇರು ನೋಡ್ರಿ. ಹೋಗಾಗ ನನ್ನ ಹತ್ರ ನಿಂತು, ಅವ್ವಾ, ನಿನ್ನ ತೆಲುಗು ಮಸ್ತೈತಿ ಅಂದ್ರು."